ನಾಲ್ಕೂಕಾಲಿನ ಇಳಿಜಾರು

ಆ ಲಾರಿ ಕಂಪನಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮಾಲೀಕನಿಂದ ಹಿಡಿದು ಪಂಕ್ಚರ್ ಹಾಕುವವನವರೆಗೆ ಎಲ್ಲರ ಬಾಯಲ್ಲೂ ಅವನು ನಾಲ್ಕೂಕಾಲು. ಇಪ್ಪತ್ತೈದು ಟನ್ ಸಿಮೆಂಟು ಹೇರಿದ ಲಾರಿಯನ್ನು ಲೀಟರ್ ಡೀಸೆಲ್ಲಿಗೆ ನಾಲ್ಕೂಕಾಲು ಕಿಲೋಮೀಟರ್ ಓಡಿಸುವವನು ಅವನೊಬ್ಬನೇ. ಉಳಿದ ಚಾಲಕರು ಎಷ್ಟೇ ಹಿಡಿತದಲ್ಲಿ ಓಡಿಸಿದರೂ ಮೂರೂಮುಕ್ಕಾಲು, ಹೆಚ್ಚೆಂದರೆ ಮೂರು ಪಾಯಿಂಟ್ ಎಂಟು.

ಮೊದಮೊದಲು ಅದರಿಂದ ಅವನ ಎದೆ ಉಬ್ಬುತ್ತಿತ್ತು. ಆಮೇಲೆ ಸಿಮೆಂಟು ಕಾರ್ಖಾನೆಯವರು ಸಾಗಾಟದ ಬಾಡಿಗೆಗೆ ಟೆಂಡರ್ ಕರೆದರು. ಮಾಲೀಕ ನಾಲ್ಕೂಕಾಲನ್ನೇ ಬುನಾದಿ ಮಾಡಿಕೊಂಡು, ಬೇರೆ ಯಾರಿಗೂ ಗಿಟ್ಟದಷ್ಟು ಕಡಿಮೆ ದರ ಬರೆದು ಕಳಿಸಿದ. ಐದು ವರ್ಷದ ಗುತ್ತಿಗೆ ಸಿಕ್ಕಿತು. ಆ ದರದಲ್ಲಿ ಕಂಪನಿ ಬದುಕಬೇಕಾದರೆ ಎಲ್ಲ ಲಾರಿಗಳೂ ಅಷ್ಟೇ ಓಡಬೇಕು. ಹಾಗೆ ಓಡದ ಲಾರಿ ಹೆಚ್ಚಿಗೆ ಕುಡಿದ ಡೀಸೆಲ್ಲಿನ ಬೆಲೆ ಚಾಲಕನ ಸಂಬಳದಲ್ಲಿ ಮುರಿಯುತ್ತಿತ್ತು. ಒಬ್ಬೊಬ್ಬರಾಗಿ ಚಾಲಕರು ಕೀ ಮೇಜಿನ ಮೇಲಿಟ್ಟು ಹೋದರು. ಕೊನೆಗೆ ಹೋದವನು ಬಾಗಿಲಲ್ಲಿ ನಿಂತು, "ನೀನು ಚೆನ್ನಾಗಿ ಓಡಿಸಿದ್ದು ನಮ್ಮ ಹೊಟ್ಟೆ ಮೇಲೆ ಬಿತ್ತು ಕಣಣ್ಣ," ಎಂದ. ಅವನ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆರು ಲಾರಿಗಳಲ್ಲಿ ಐದು ಶೆಡ್ಡಿನ ಹಿಂದೆ ನಿಂತು ಟೈರಿನ ಸುತ್ತ ಹುಲ್ಲು ಬೆಳೆಸಿಕೊಂಡವು. ಚಾಲಕರು ಬೇಕಾಗಿದ್ದಾರೆ ಎಂದು ಗೇಟಿಗೆ ತಗಲಿಸಿದ ಬೋರ್ಡು ಬಿಸಿಲಿಗೆ ಬಣ್ಣ ಬಿಟ್ಟುಕೊಂಡಿತು.

ಇಷ್ಟರಲ್ಲಿ ನಾಲ್ಕೂಕಾಲಿಗೆ ಐವತ್ತಾರು ತುಂಬಿತು. ಸೊಂಟದಲ್ಲಿ ಯಾವುದೋ ನರ ಒತ್ತಿಕೊಂಡು, ಕ್ಲಚ್ ತುಳಿಯುವ ಎಡಗಾಲು ಆಗಾಗ ಜೋಮು ಹಿಡಿಯುತ್ತಿತ್ತು. ಒಂದೊಂದು ಸಲ ಪಾದ ಪೆಡಲ್ ಮೇಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿ ತಿಳಿಯಬೇಕಿತ್ತು. ಡಾಕ್ಟರು ಸ್ಟೇರಿಂಗ್ ಬಿಡಿ ಎಂದಿದ್ದರು. ಹೆಂಡತಿಯದು ಬೇರೆ ದೂರು. "ಮನೆಗೆ ನೆಂಟರ ಥರ ಬರ್ತೀರಿ. ನೆಂಟರಾದ್ರೂ ಎರಡು ದಿನ ಇದ್ದು ಹೋಗ್ತಾರೆ."

ಅಂಗಳದ ವೇಬ್ರಿಡ್ಜ್ ಕೋಣೆಯಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಮುದುಕ ಆ ತಿಂಗಳು ಕೆಲಸ ಬಿಡುವವನಿದ್ದ. ಅಲ್ಲೊಂದು ಮರದ ಕುರ್ಚಿ, ಮೇಲೊಂದು ಫ್ಯಾನು, ಸಂಜೆ ಆರಕ್ಕೆ ಬೀಗ. ನಾಲ್ಕೂಕಾಲು ಆ ಕುರ್ಚಿ ಕೇಳಿದ. ಮಾಲೀಕ ಇಲ್ಲ ಅನ್ನಲಿಲ್ಲ. ಆದರೆ ಒಂದು ಷರತ್ತು ಹಾಕಿದ. ನಾಲ್ಕೂಕಾಲು ಓಡಿಸುವ ಇನ್ನೊಬ್ಬರನ್ನು ತಯಾರು ಮಾಡಿಕೊಡಬೇಕು. ಹೊಸಬರು ಮೂರು ಟ್ರಿಪ್ಪಿನೊಳಗೆ ಆ ಅಂಕಿ ಮುಟ್ಟಿದರೆ, ನಾಲ್ಕನೆಯ ದಿನವೇ ಅವನು ಕೋಣೆಯೊಳಗೆ ಕೂರಬಹುದು.

ಬೋರ್ಡು ನೋಡಿ ಬಂದದ್ದು ಒಬ್ಬಳು ಹೆಂಗಸು. ಹನ್ನೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಶಾಲೆ ಮುಚ್ಚಿತ್ತು. ಲಾರಿ ಓಡಿಸುವ ಲೈಸೆನ್ಸೂ ಇತ್ತು. ಅಂಗಳದವರು ಅವಳಿಗೆ ಅಂದೇ ಮಿಸ್ ಎಂದು ಹೆಸರಿಟ್ಟು, ಲೇಟಾಗಿ ಬಂದರೆ ಬೆಂಚ್ ಮೇಲೆ ನಿಲ್ಲಿಸ್ತೀರಾ ಎಂದು ಕಾಲೆಳೆದರು. ಅವಳು, ನಿಮ್ಮ ಭಾರಕ್ಕೆ ಬೆಂಚು ಮುರಿಯುತ್ತದೆ, ನೆಲದ ಮೇಲೆ ನಿಲ್ಲಿ ಸಾಕು ಎಂದಳು.

ಮೊದಲ ಟ್ರಿಪ್ಪಿನಲ್ಲೇ ಅವನಿಗೆ ಗೊತ್ತಾಯಿತು, ಇವಳ ಕೈ ಒಳ್ಳೆಯದು. ಮುಂದಿನ ಗಾಡಿಯಿಂದ ಅಂತರ ಬಿಟ್ಟು ಓಡಿಸುತ್ತಿದ್ದಳು. ಏರು ಬರುವ ಮುಂಚೆಯೇ ಗೇರು ಬದಲಿಸುತ್ತಿದ್ದಳು. ಆದರೂ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದಾಗ ಬಂದದ್ದು ಮೂರು ಪಾಯಿಂಟ್ ಎಂಟು. ಎರಡನೆಯ ಸಲ ಮೂರು ಪಾಯಿಂಟ್ ಒಂಬತ್ತು.

ಕಡಿಮೆ ಬಿದ್ದ ಅಂಕಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಕಾರ್ಖಾನೆಯ ದಾರಿಯಲ್ಲಿ ಹನ್ನೊಂದು ಕಿಲೋಮೀಟರಿನ ಒಂದು ಉದ್ದನೆಯ ಇಳಿಜಾರಿತ್ತು. ನೋಡಲು ಸೌಮ್ಯ, ನಡುವೆ ಮೂರು ತಿರುವು, ಬುಡದಲ್ಲಿ ಎದುರಿಗೆ ಏರು. ಗೇರಿನಲ್ಲಿ ಇಳಿದರೆ ಎಂಜಿನ್ನು ಲಾರಿಯನ್ನು ಹಿಂದಕ್ಕೆ ಹಿಡಿಯುತ್ತದೆ, ಬುಡಕ್ಕೆ ಬರುವಷ್ಟರಲ್ಲಿ ಓಟ ಸತ್ತಿರುತ್ತದೆ. ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಭಾರವೇ ಲಾರಿಯನ್ನು ಉರುಳಿಸಿಕೊಂಡು ಹೋಗಿ ಎದುರಿನ ಏರಿನ ಮುಕ್ಕಾಲು ಪಾಲು ಹತ್ತಿಸುತ್ತದೆ. ದಾರಿಯಲ್ಲಿ ಇಂಥ ಇಳಿಜಾರುಗಳು ಇನ್ನೂ ಎಂಟಿದ್ದವು. ಅವನ ಅಂಕಿಯೆಲ್ಲ ಹುಟ್ಟಿದ್ದು ಅಲ್ಲೇ. ಆದರೆ ಆಗ ಲಾರಿಯನ್ನು ಹಿಡಿಯುವುದು ಬ್ರೇಕ್ ಒಂದೇ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಎಂಟು ವರ್ಷದ ಹಿಂದೆ ಮೂರನೆಯ ತಿರುವಿನಲ್ಲಿ ಅವನ ಬ್ರೇಕ್ ಪೆಡಲ್ ನೆಲ ಮುಟ್ಟಿತ್ತು, ಲಾರಿ ನಿಧಾನವಾಗಿರಲಿಲ್ಲ. ಎದುರಿಗೆ ಆ ಕ್ಷಣ ಯಾರೂ ಬರಲಿಲ್ಲ, ಅಷ್ಟೇ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಮೂರನೆಯ ಟ್ರಿಪ್ಪಿನಲ್ಲಿ, ಇಳಿಜಾರಿನ ನೆತ್ತಿಯಲ್ಲಿ, ಮಿಸ್ ಲಾರಿಯನ್ನು ಬದಿಗೆ ಹಾಕಿದಳು.

"ಅಣ್ಣ, ಎರಡು ಟ್ರಿಪ್ಪು ನೋಡ್ದೆ. ನೀವು ಹೇಳಿದ್ದನ್ನೆಲ್ಲ ಮಾಡ್ದೆ. ನೀವು ಹೇಳದೇ ಇರೋದು ಏನೋ ಒಂದಿದೆ."

ಅವನು ಗಾಜಿನಾಚೆ ನೋಡಿದ. ದಾರಿ ಹುಲ್ಲುಗಾವಲಿನ ನಡುವೆ ಯಾರಿಗೂ ಕೇಡು ಬಯಸದ ಹಾಗೆ ಇಳಿದುಹೋಗಿತ್ತು. ಹೇಳಬೇಕಾದದ್ದು ಎರಡೇ ಮಾತು. ಹೇಳಿದರೆ ನಾಳೆಯೇ ಕುರ್ಚಿ.

"ಈ ಕೆಲಸ ನಂಗೆ ಬೇಕು. ಕಷ್ಟವಾದ್ರೂ ಕಲೀತೀನಿ, ಹೇಳಿ," ಎಂದಳು ಅವಳು.

ಕಲಿಯುತ್ತಾಳೆ, ಅದೇ ಅವನಿಗೆ ಭಯ ಹುಟ್ಟಿಸಿತು. ಹೇಳಿದ್ದನ್ನು ಅಚ್ಚುಕಟ್ಟಾಗಿ, ದಿನಾ, ವರ್ಷಗಟ್ಟಲೆ ಮಾಡುವ ಕೈ ಅದು. ಅವನು ಗೇರಿನ ಹಿಡಿಯ ಮೇಲೆ ತನ್ನ ಅಂಗೈ ಮುಚ್ಚಿದ. "ಏನೂ ಇಲ್ಲಮ್ಮ. ನಾಲ್ಕನೇ ಗೇರಲ್ಲೇ ಇಳಿಸು. ನೀನು ಓಡಿಸ್ತಿರೋದೇ ಸರಿ."

ಬಂಕಿನಲ್ಲಿ ಮತ್ತೆ ಮೂರು ಪಾಯಿಂಟ್ ಒಂಬತ್ತು ಬಂತು.

ಮಾಲೀಕ ಆ ಚೀಟಿಯನ್ನು ತುಂಬ ಹೊತ್ತು ನೋಡಿದ. ನಾಲ್ಕೂಕಾಲು ಬಾಗಿಲು ಮುಂದೆ ಮಾಡಿ, ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ಬಾಯಿಬಿಟ್ಟ. ತನ್ನ ಅಂಕಿ ನ್ಯೂಟ್ರಲ್‌ನದು, ಗೇರಿನಲ್ಲಿ ಯಾರೇ ಓಡಿಸಿದರೂ ಇಷ್ಟೇ ಬರುವುದು, ದರ ಲೆಕ್ಕ ಹಾಕಿದ್ದೇ ತಪ್ಪು. ಮಾಲೀಕ ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದ.

ಮಾಲೀಕ ಕನ್ನಡಕ ತೆಗೆದು ಒರೆಸಿದ. "ನಾನೂ ಹದಿನೈದು ವರ್ಷ ಸ್ಟೇರಿಂಗ್ ಹಿಡಿದವನಪ್ಪ. ನಂಗೆ ಗೊತ್ತಿಲ್ವಾ?"

ಮಾಲೀಕ ತನ್ನ ಪಾಡನ್ನೂ ಹೇಳಿಕೊಂಡ. ಗುತ್ತಿಗೆ ಇನ್ನೂ ಮೂರು ವರ್ಷ. ನಡುವೆ ಬಿಟ್ಟರೆ ಒಂದೊಂದೇ ಲಾರಿ ಮಾರಬೇಕು. ದರ ಏರಿಸಿ ಎಂದರೆ ಕಾರ್ಖಾನೆಯವರು, ನಿಮ್ಮ ಕಂಪನಿ ನಾಲ್ಕೂಕಾಲು ಓಡಿಸುತ್ತದೆ ಎಂದು ನೀವೇ ಬರೆದಿದ್ದೀರಿ ಎನ್ನುತ್ತಾರೆ. ಈಗ ಬೇರೆ ಸಾಗಾಟದವರಿಗೂ ಅದೇ ಅಂಕಿ ತೋರಿಸುತ್ತಿದ್ದಾರಂತೆ.

"ಅವಳಿಗೆ ಎರಡನೇ ಲಾರಿ ಕೊಡ್ತೀನಿ. ನಿನ್ನ ಹಿಂದೇನೇ ಓಡಿಸ್ಲಿ," ಎಂದ ಕೊನೆಗೆ. "ನೀನು ಬಾಯಿಬಿಟ್ಟು ಹೇಳೋದು ಬೇಡ. ನೋಡಿ ತಾನೇ ಕಲೀತಾಳೆ. ಅಲ್ಲೀವರೆಗೂ ಕುರ್ಚಿ ನಿಂಗೆ ಕಾದಿರುತ್ತೆ."

ಮರುದಿನ ಬೆಳಿಗ್ಗೆ ಎರಡೂ ಲಾರಿ ಒಟ್ಟಿಗೆ ಹೊರಟವು. ಇಳಿಜಾರಿನ ನೆತ್ತಿಗೆ ಬಂದಾಗ ಹತ್ತು ಗಂಟೆ. ನಾಲ್ಕೂಕಾಲಿನ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲವೇ ಇಲ್ಲ ಅನ್ನುವ ಹಾಗಿತ್ತು. ನ್ಯೂಟ್ರಲ್‌ಗೆ ಹಾಕಿದರೆ ಹನ್ನೊಂದು ಕಿಲೋಮೀಟರ್ ಆ ಕಾಲಿಗೂ ವಿಶ್ರಾಂತಿ. ಕೈ ತನ್ನಷ್ಟಕ್ಕೆ ತಾನೇ ಗೇರಿನ ಹಿಡಿಗೆ ಹೋಯಿತು.

ಕನ್ನಡಿಯಲ್ಲಿ ಮಿಸ್‌ಳ ಲಾರಿ ಕಾಣುತ್ತಿತ್ತು, ಎಂದಿನಂತೆ ಸರಿಯಾದ ಅಂತರ ಬಿಟ್ಟು. ನ್ಯೂಟ್ರಲ್‌ನಲ್ಲಿ ಇಳಿಯುವ ಲಾರಿಯ ಗುಟ್ಟು ಹಿಂದಿನವರಿಗೆ ಗೊತ್ತಾಗದೆ ಇರುವುದಿಲ್ಲ. ಬ್ರೇಕಿನ ಕೆಂಪು ದೀಪ ಮತ್ತೆ ಮತ್ತೆ ಹತ್ತುತ್ತದೆ, ಲಾರಿ ಮೆಲ್ಲಗೆ ದೂರ ಸರಿಯುತ್ತದೆ. ಅವಳು ಎರಡೇ ದಿನದಲ್ಲಿ ಓದಿಕೊಳ್ಳುತ್ತಾಳೆ.

ಅವನು ಬಗ್ಗಿ ನೋಡಿ ಪಾದವನ್ನು ಕ್ಲಚ್ಚಿನ ಮೇಲಿಟ್ಟು, ಗೇರನ್ನು ನಾಲ್ಕಕ್ಕೆ ತಂದ. ಎಂಜಿನ್ನು ದೊಡ್ಡ ದನಿಯಲ್ಲಿ ಗೊಣಗುತ್ತಾ ಭಾರವನ್ನು ಹಿಡಿದುಕೊಂಡಿತು. ಮೂರು ತಿರುವೂ ಹಾಗೆಯೇ ಕಳೆದವು. ಬುಡದ ಏರಿಗೆ ಬರುವಷ್ಟರಲ್ಲಿ ಓಟ ಸತ್ತಿತ್ತು. ಅವನು ಆಕ್ಸಿಲರೇಟರ್ ಒತ್ತಿದ.

ಬಂಕಿನ ಹುಡುಗಿ ಎರಡು ಸಲ ಭಾಗಿಸಿದಳು. "ಲೆಕ್ಕ ಎಲ್ಲೋ ತಪ್ಪಿದೆ ಅಂಕಲ್. ಮೂರು ಪಾಯಿಂಟ್ ಒಂಬತ್ತು ಬರ್ತಿದೆ."

"ತಪ್ಪಿಲ್ಲಮ್ಮ, ಅಷ್ಟೇ ಬರೆದುಕೋ."

ಇನ್ನು ಅಂಗಳದಲ್ಲಿ ಆ ಅಂಕಿ ಓಡಿಸುವವರು ಯಾರೂ ಇಲ್ಲ. ಅವನಿಂದ ಕಲಿಯುವವರೂ ಇಲ್ಲ, ಆ ಕುರ್ಚಿಗೆ ದಾರಿಯೂ ಇಲ್ಲ. ಬಂಕಿನ ಸಾಲಿನಲ್ಲಿ ಹಿಂದಿದ್ದ ಮಿಸ್ ಕೈಬೀಸಿ, ಮುಂದೆ ತಗೊಳ್ಳಿ ಅಣ್ಣ ಎಂದಳು. ಅವನು ಲಾರಿ ಹತ್ತಿ, ಎರಡೂ ಕೈಯಲ್ಲಿ ಎಡಗಾಲನ್ನು ಎತ್ತಿ ಒಳಗೆಳೆದುಕೊಂಡು, ಕ್ಲಚ್ಚಿನ ಮೇಲೆ ಇಟ್ಟ.