ಹಿತ್ತಲ ಬೇಲಿಯ ಕಂಡಿ

ನನ್ನ ಕೆಲಸ ಮೀನು ಸುತ್ತುವುದು. ಕರಿಯುವುದು ಅಂಗಡಿಯೊಡತಿ ಕನ್ಸೊಲಾಟಾ ಅಕ್ಕ. ಗಿರಾಕಿಗಳ ಹತ್ತಿರ ಮಾತಾಡುವುದೂ ಅವಳೇ. ನಾನು ಹಿಂದೆ ಮಣೆಯ ಮೇಲೆ ಕೂತು, ಹಳೇ ಪೇಪರು ಹರಿದು, ಬಿಸಿ ಮೀನನ್ನು ಅದರಲ್ಲಿಟ್ಟು, ಮೂಲೆ ಮಡಿಸಿ ಮುಂದಕ್ಕೆ ತಳ್ಳುತ್ತೇನೆ. ಮಾತು ಬೇಕಾಗದ ಕೆಲಸ. ಅದಕ್ಕೇ ನನಗೆ ಒಗ್ಗಿದೆ.

ಪೇಪರಿನ ಕಟ್ಟು ಕಿಸುಮು ಪಟ್ಟಣದಿಂದ ಬಸ್ಸಿನ ಮೇಲೆ ಬರುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಓದಿದ್ದರಲ್ಲಿ ಹೆಚ್ಚಿನದು ಆಮೇಲೆ, ಈ ಕಟ್ಟುಗಳಲ್ಲೇ. ಮಂತ್ರಿಗಳ ಪುಟಗಳನ್ನು ಮೊದಲು ಖರ್ಚು ಮಾಡುತ್ತೇನೆ. ಒಳಪುಟದ ಮೂಲೆಯಲ್ಲಿ ವಿಚಿತ್ರ ಸುದ್ದಿಗಳು ಬರುತ್ತವಲ್ಲ, ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಮದುವೆಯ ಕೇಕು ತಿಂದ ಕತ್ತೆಯನ್ನು ಪೊಲೀಸ್ ಠಾಣೆಯಲ್ಲಿ ಕಟ್ಟಿಹಾಕಿದ್ದು. ಹೆಂಡತಿ ತವರಿನಿಂದ ಬರುವ ತನಕ ಇಳಿಯುವುದಿಲ್ಲ ಎಂದು ನೀರಿನ ಟ್ಯಾಂಕು ಹತ್ತಿ ಕೂತ ಮೇಷ್ಟ್ರು, ಅವಳು ಬಂದ ಮೇಲೆ ಇಳಿಯಲು ಹೆದರಿದ್ದು. ತನ್ನ ಶವಪೆಟ್ಟಿಗೆಯನ್ನು ತಾನೇ ಮುಂಚಿತವಾಗಿ ಮಾಡಿಸಿ, ಸಾವು ತಡವಾಯಿತೆಂದು ಅದರಲ್ಲಿ ಜೋಳ ತುಂಬಿಟ್ಟ ಮುದುಕ.

"ಓದ್ಬೇಡ್ವೇ ಅಕೆಯೊ, ಸುತ್ತು," ಎನ್ನುತ್ತಾಳೆ ಕನ್ಸೊಲಾಟಾ ಅಕ್ಕ, ತಿರುಗಿಯೂ ನೋಡದೆ. "ಮೀನು ತಣ್ಣಗಾದ್ರೆ ಜನ ಸುದ್ದಿ ತಿಂತಾರಾ?"

ಅಂಥ ಸುದ್ದಿ ಓದಿದಾಗ ನಗು ಬರುತ್ತದೆ, ನಿಜ. ಆದರೆ ಆಮೇಲೆ ಒಂದು ಯೋಚನೆ ಬಿಡದೆ ಹಿಡಿದುಕೊಳ್ಳುತ್ತದೆ. ಆ ಮೇಷ್ಟ್ರು ಮಾರನೇ ದಿನ ಶಾಲೆಗೆ ಹೋಗಿರಬೇಕಲ್ಲ. ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಬರೆಯುವಾಗ ಅವರಿಗೆ ಹೇಗಾಗಿರಬೇಕು? ಅದನ್ನು ಯಾರೂ ಬರೆಯುವುದಿಲ್ಲ.

ಸಂಜೆ ಮನೆಯಲ್ಲಿ ಅವನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅಮ್ಮನಿಗೆ ಓದು ಬರುವುದಿಲ್ಲ. ಹಳೇ ಬಲೆಯ ಮೇಲೆ ಒಣಗಿದ ಸಣ್ಣ ಮೀನಿನಿಂದ ಕಲ್ಲು ಆರಿಸುತ್ತಾ ಅವಳು ಕೇಳುತ್ತಿದ್ದಳು. ಕತ್ತೆ, ಮೇಷ್ಟ್ರು ಎಲ್ಲ ಅವಳಿಗೆ ಬೇಕಿರಲಿಲ್ಲ. "ವಾಪಸ್ ಬಂದವರದ್ದು ಏನಾದ್ರೂ ಇದೆಯಾ?" ಎನ್ನುತ್ತಿದ್ದಳು. ಒಮ್ಮೊಮ್ಮೆ ಇರುತ್ತಿತ್ತು. ಸತ್ತನೆಂದುಕೊಂಡವನು ಬಂದರಿನಲ್ಲಿ ಮೂಟೆ ಹೊರುತ್ತಿದ್ದದ್ದು, ಹಾಗೆ. ಅದನ್ನು ಎರಡು ಸಲ ಓದಿಸಿಕೊಳ್ಳುತ್ತಿದ್ದಳು.

ನನ್ನ ಅಣ್ಣ ಒಗೋಲ ಹೋದ ವರ್ಷದ ಮಳೆಗಾಲದಲ್ಲಿ ಮೀನಿಗೆಂದು ದೋಣಿಯಲ್ಲಿ ಸರೋವರಕ್ಕೆ ಹೋದವನು ಬರಲಿಲ್ಲ. ಗಾಳಿಗೆ ದೋಣಿ ಮಗುಚಿತ್ತು. ಅವನ ಜೊತೆಗಿದ್ದವರ ಹೆಣಗಳನ್ನೆಲ್ಲ ನೀರು ದಡಕ್ಕೆ ತಂದು ಹಾಕಿತು, ಅವನದ್ದನ್ನು ಮಾತ್ರ ತರಲಿಲ್ಲ. ನೀರಿನ ಆಚೆ ಬೇರೆ ದೇಶ. ಅಲ್ಲಿನ ಯಾವುದೋ ದ್ವೀಪದಲ್ಲಿ ಅವನ ಹಾಗೇ ಭುಜ ಕುಣಿಸುತ್ತಾ ನಡೆಯುವವನನ್ನು ಕಂಡೆ ಎಂದು ಬಲೆ ಮಾರುವವನೊಬ್ಬ ಹೇಳಿದ್ದ. ಅಷ್ಟೇ. ಅಮ್ಮ ಅದನ್ನು ಹಿಡಿದುಕೊಂಡು ಬಿಟ್ಟಿದ್ದಳು.

ಅಣ್ಣ ಹೋಗುವಾಗ ನಮ್ಮ ಅಂಗಳದಲ್ಲಿ, ಗೇಟಿನ ಬಲಕ್ಕೆ, ತನ್ನ ಮನೆ ಕಟ್ಟಿಕೊಳ್ಳುತ್ತಿದ್ದ. ಕಂಬ ನೆಟ್ಟಾಗಿತ್ತು. ಗೋಡೆಗೆ ಮಣ್ಣು ಮೆತ್ತಿರಲಿಲ್ಲ, ಸೂರು ಹಾಕಿರಲಿಲ್ಲ. ನಮ್ಮಲ್ಲಿ ಹಿರಿಯವನ ಮನೆ ಏಳದೆ ಕಿರಿಯವನು ತನ್ನ ಮನೆಯ ಕಂಬಕ್ಕೆ ಗುಂಡಿ ತೋಡುವ ಹಾಗಿಲ್ಲ. ನನ್ನ ಎರಡನೇ ಅಣ್ಣ ವಸೊಂಗ ಅದಕ್ಕಾಗಿಯೇ ಕಾಯುತ್ತಿದ್ದ. ಅವನನ್ನು ನಂಬಿ ಬಂದ ಡೋರ್ಕಾ ಬಸುರಿ. ದಿನವೂ ಬೆಳಿಗ್ಗೆ ಗುಡ್ಡದ ಮೇಲಿನ ತನ್ನ ಸೋದರತ್ತೆಯ ಮನೆಯಿಂದ ಇಳಿದು ಬಂದು, ನೀರು ಹೊತ್ತು, ಹಿಟ್ಟು ಬೀಸಿ, ಹೊತ್ತು ಮುಳುಗುವ ಮುಂಚೆ ಗುಡ್ಡ ಹತ್ತಿ ಹೋಗುತ್ತಿದ್ದಳು. ಸೊಸೆ ಅತ್ತೆಯ ಮನೆಯಲ್ಲಿ ಮಲಗುವ ಹಾಗಿಲ್ಲ, ಈ ಅಂಗಳದಲ್ಲಿ ಅವಳದೆನ್ನುವ ಸೂರು ಇರಲಿಲ್ಲ. ಮಗು ಅಪ್ಪನ ಮನೆಯಿಲ್ಲದೆ ಹುಟ್ಟಿದರೆ ಅದನ್ನು ತಾಯಿಯ ಕಡೆಯವರು ತಮ್ಮದೆನ್ನುತ್ತಾರೆ.

ದಾರಿ ಒಂದೇ ಇತ್ತು. ಒಗೋಲ ಸತ್ತನೆಂದು ಒಪ್ಪಿ ಮಣ್ಣು ಮಾಡುವುದು. ಹೂತವನ ಸರದಿ ಕಿರಿಯವನಿಗೆ ಬರುತ್ತದೆ. ಹೆಣ ಸಿಗದವನ ಬದಲು ಯಾಗೊ ಮರದ ಕಾಯಿಯನ್ನು ಹೂಳುತ್ತೇವೆ. ತೋಳಿನಷ್ಟು ಉದ್ದ, ಹಗ್ಗದಂಥ ತೊಟ್ಟಿಗೆ ಜೋತುಬಿದ್ದ, ಯಾರೂ ತಿನ್ನದ ಕಾಯಿ.

ಅಪ್ಪ ತೀರಿಹೋಗಿದ್ದಾರೆ. ಹಾಗಾಗಿ ಮಾತಾಡಲು ಬಂದವರು ಚಿಕ್ಕಪ್ಪ ಒಬಿಯೆರೊ. ಟೋಪಿ ತೆಗೆದು ಮೊಣಕಾಲಿಗೆ ಹಾಕಿಕೊಂಡು ಕೂತರು.

"ಅತ್ತಿಗೆ, ನೀರು ಅವನನ್ನ ಕೊಡೋದಾಗಿದ್ರೆ ಇಷ್ಟೊತ್ತಿಗೆ ಕೊಟ್ಟಿರೋದು."

"ಕೊಟ್ಟಿಲ್ಲ ಅಂದ್ರೆ ಅದರ ಹತ್ರ ಇಲ್ಲ ಅಂತ ಅರ್ಥ," ಎಂದಳು ಅಮ್ಮ.

"ಮತ್ತೆ ಯಾರ ಹತ್ರ ಇದಾನೆ?"

"ಅದನ್ನ ಕೇಳೋಕೆ ನೀನು ಒಂದಿನ ಆಚೆ ದಡಕ್ಕೆ ಹೋಗಿದ್ಯಾ ಒಬಿಯೆರೊ? ಕಾಯಿ ಹುಡುಕೋಕೆ ಮಾತ್ರ ಮರ ಮರ ಸುತ್ತಿದೀಯಂತೆ."

ಚಿಕ್ಕಪ್ಪ ನಕ್ಕರು. ಅವರಿಗೆ ಅಮ್ಮನ ನಾಲಿಗೆ ಅಭ್ಯಾಸ. "ಮರ ಎಲ್ಲಿದೆ ಅಂತ ತಿಳ್ಕೊಂಡಿರೋದ್ರಲ್ಲಿ ತಪ್ಪೇನು? ನಾನು ಕೊಯ್ದಿಲ್ಲ. ನೀನು ಹೂಂ ಅನ್ನದೆ ಕೊಯ್ಯಲ್ಲ. ಆದ್ರೆ ಆ ಹುಡುಗಿ ಹೊಟ್ಟೆ ನಿನ್ನ ಕೇಳಿ ಬೆಳೆಯಲ್ಲ."

"ಅಕೆಯೊ," ಎಂದು ಕರೆದಳು ಅಮ್ಮ, "ಮೊನ್ನೆದು ಓದೇ. ನಿಮ್ಮ ಚಿಕ್ಕಪ್ಪನೂ ಕೇಳಲಿ."

ಅವರ ಎದುರು ನಾನು ಜೋರಾಗಿ ಏನನ್ನೂ ಓದಿದವಳಲ್ಲ. ಎಣ್ಣೆ ಹೀರಿ ಆಚೆಬದಿಯ ಅಕ್ಷರ ಈಚೆಗೆ ಕಾಣುತ್ತಿದ್ದ ಆ ಚೂರನ್ನು ತಂದು ಓದಿದೆ. ಕಬ್ಬಿನ ತೋಟಗಳ ಕಡೆಯ ಸುದ್ದಿ. ಮನೆ ಬಿಟ್ಟು ಹೋದವನೊಬ್ಬ ಸತ್ತನೆಂದು ಮನೆಯವರು ಕಾಯಿ ಹೂತರು. ಎಷ್ಟೋ ಕಾಲವಾದ ಮೇಲೆ ಅವನು ಹೆಗಲಿಗೆ ಚೀಲ ಹಾಕಿಕೊಂಡು ಗೇಟಿಗೆ ಬಂದು ನಿಂತ. ಹಿರಿಯರು ಒಳಗೆ ಬಿಡಲಿಲ್ಲ. ಹೂತವನು ಗೇಟು ದಾಟಿ ಬಂದರೆ ಮನೆಯಲ್ಲಿ ಇನ್ನೊಬ್ಬರನ್ನು ಸಾವಿಗೆ ಕರೆದುಕೊಂಡು ಹೋಗುತ್ತಾನೆ ಎಂದರು. ಅವನು ಬೇಲಿಯಾಚೆ ಕೂತ. ತಾಯಿ ಉಗಾಲಿ ಮುದ್ದೆಯನ್ನು ತಟ್ಟೆಯಲ್ಲಿ ಹಾಕಿ ಗೇಟಿನ ಕೆಳಗಿಂದ ತಳ್ಳುತ್ತಿದ್ದಳು. ಕೊನೆಗೆ ಹಿರಿಯರು ಸೇರಿ...

"ಸೇರಿ?" ಎಂದರು ಚಿಕ್ಕಪ್ಪ.

"ಇಲ್ಲಿಗೆ ಹರಿದಿದೆ ಚಿಕ್ಕಪ್ಪ."

"ಒಳ್ಳೇದಾಯ್ತು. ಉಳಿದದ್ದನ್ನ ಯಾರೋ ಮೀನಿನ ಜೊತೆ ನೆಕ್ಕಿರ್ತಾರೆ." ಅವರು ಎದ್ದು ಟೋಪಿ ಹಾಕಿಕೊಂಡರು. "ಪೇಪರಿನೋರು ಹೊಟ್ಟೆಪಾಡಿಗೆ ಬರೀತಾರೆ ಅತ್ತಿಗೆ. ಅದನ್ನ ನಂಬಿ ಒಂದು ಮನೆ ಏಳೋದನ್ನ ನಿಲ್ಲಿಸ್ತಾರಾ?"

ಉಳಿದರ್ಧವನ್ನು ನಾನು ಕಟ್ಟಿನಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ. ಬಹುಶಃ ನಾನೇ ಅದನ್ನು ಯಾರಿಗೋ ಸುತ್ತಿ ಕೊಟ್ಟಿದ್ದೆ.

ಅಮ್ಮನಿಗೂ ವಸೊಂಗನಿಗೂ ಮಾತು ನಿಂತಿತು. ಅವನು ಕೆಟ್ಟವನಲ್ಲ. ಅಣ್ಣನನ್ನು ಹುಡುಕುತ್ತಾ ಜೊಂಡಿನ ಒಳಗೆಲ್ಲ ಎದೆಮಟ್ಟ ನೀರಿನಲ್ಲಿ ನಡೆದವನು ಅವನೇ. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ನನ್ನ ಪಕ್ಕ ಕೂತ.

"ನೀನು ಅಮ್ಮನಿಗೆ ಅಂಥವನ್ನೆಲ್ಲ ಓದಬೇಡ."

"ಅವಳೇ ಕೇಳ್ತಾಳೆ."

"ಕೇಳ್ತಾಳೆ ಅಂತ ಓದೋದಾ? ನನಗೂ ಅವನು ಬರ್ಲಿ ಅಂತ ಇದೆ ಅಕೆಯೊ. ಬಂದು ನನ್ನ ಕಪಾಳಕ್ಕೆ ಒಂದು ಹೊಡೀಲಿ. ಆದ್ರೆ ಅವನು ಸತ್ತಿರ್ಲಿ ಅಂತ ನಾನೇ ಕಾಯ್ಕೊಂಡು ಕೂತಂಗೆ ಆಗಿದೆ ಈಗ. ಡೋರ್ಕಾ ಮುಖ ನೋಡಿದಾಗಲೆಲ್ಲ ಹಂಗೇ ಅನ್ಸುತ್ತೆ."

ಉಳಿದಿದ್ದ ಮೀನಿನ ತಲೆಯೊಂದನ್ನು ಸುತ್ತಿ ಅವನಿಗೆ ಕೊಟ್ಟೆ.

ಅಮ್ಮ ಒಪ್ಪಿದ್ದು ಯಾರ ಮಾತಿಗೂ ಅಲ್ಲ. ಒಂದು ಮಧ್ಯಾಹ್ನ ಜೋರು ಮಳೆ ಬಂತು. ನೀರು ಹೊತ್ತು ತರುತ್ತಿದ್ದ ಡೋರ್ಕಾ ಅಂಗಳದ ನಡುವೆ ಸಿಕ್ಕಿಬಿದ್ದಳು. ನಮ್ಮ ಬಾಗಿಲಿಗೆ ಓಡಿ ಬರಬಹುದಿತ್ತು. ಬರಲಿಲ್ಲ. ಬೇಸಿನ್ನಿನ ನೀರು ಚೆಲ್ಲಿ, ಅದನ್ನು ತಲೆಯ ಮೇಲೆ ಬೋರಲು ಹಿಡಿದು, ಒಗೋಲನ ಕಂಬಗಳ ನಡುವೆ ಹೋಗಿ ನಿಂತಳು.

"ಅಲ್ಲ್ಯಾಕೆ ನಿಂತೀಯೇ, ಅಲ್ಲೇನು ಸೂರಿದೆಯಾ?" ಎಂದು ಅಮ್ಮ ಕೂಗಿದಳು.

"ಪರವಾಗಿಲ್ಲ ಅತ್ತೆ. ಇಲ್ಲಿ ಗಾಳಿ ಕಮ್ಮಿ."

ಗಾಳಿ ಕಮ್ಮಿಯೇನೂ ಇರಲಿಲ್ಲ. ಕಂಬಗಳ ನಡುವೆ ಅದು ಸುಯ್ಯೆನ್ನುತ್ತಿತ್ತು. ಒದ್ದೆ ಬಟ್ಟೆ ಹೊಟ್ಟೆಗೆ ಅಂಟಿಕೊಂಡು, ಒಳಗಿನ ಮಗು ತಿರುಗಿದ್ದು ಬಾಗಿಲಿನಿಂದ ನನಗೂ ಕಾಣಿಸಿತು. ಅಮ್ಮ ಮಳೆ ನಿಲ್ಲುವ ತನಕ ಅವಳನ್ನೇ ನೋಡುತ್ತಾ ನಿಂತಿದ್ದಳು. ನಿಂತ ಮೇಲೆ, "ನಿಮ್ಮ ಚಿಕ್ಕಪ್ಪನ್ನ ಕರಿ," ಎಂದಳು.

ಚಿಕ್ಕಪ್ಪ ಬಂದಾಗ ಅವಳು ಕೂತುಕೋ ಎನ್ನಲಿಲ್ಲ.

"ಒಂದು ಮಾತು ಹೇಳು. ಆ ಪೇಪರಲ್ಲಿ ಹರಿದಿತ್ತಲ್ಲ, ಅದರ ಮುಂದೆ ಏನು? ನಮ್ಮ ಹಿರೀಕರಾಗಿದ್ರೆ ಏನು ಮಾಡೋರು?"

ಚಿಕ್ಕಪ್ಪ ನೆಲ ನೋಡಿದರು. "ನಾನು ಕಂಡಿಲ್ಲ ಅತ್ತಿಗೆ. ನಮ್ಮಜ್ಜ ಹೇಳ್ತಿದ್ದ. ಹೂತವನು ಗೇಟಿಂದ ಬರೋಹಾಗಿಲ್ಲ. ಹಿಂದ್ಗಡೆ ಬೇಲಿ ಕಡಿದು, ಅಲ್ಲಿಂದ ಅವನನ್ನ ತೆವಳಿಸಿ ಒಳಗೆ ತರ್ಬೇಕು. ಆಗ ಅವನು ಈಗಷ್ಟೇ ಹುಟ್ಟಿದವನ ಲೆಕ್ಕ. ಒಂದು ಆಡು ಕಡಿದು ಹೊಸ ಹೆಸರು ಇಡ್ತಾರೆ."

"ಹಿಂದ್ಗಡೆ ಬೇಲಿ."

"ಹೂಂ."

"ಸರಿ. ಕಾಯಿ ತಾ."

ಕಾಯಿ ಬಂತು. ಅದನ್ನು ಮನೆಯೊಳಗೆ ಚಾಪೆಯ ಮೇಲೆ ಮಲಗಿಸಿದರು. ಹೆಂಗಸರು ಬಂದು ಅತ್ತರು. ಅವರ ಅಳು ಸುಳ್ಳಲ್ಲ, ಒಗೋಲನನ್ನು ಎಲ್ಲರೂ ಎತ್ತಿ ಆಡಿಸಿದವರೇ. ತೊಡಿಸಲು ಅವನ ಅಂಗಿ ಬೇಕೆಂದು ಚಿಕ್ಕಪ್ಪ ಕೇಳಿದಾಗ ಪೆಟ್ಟಿಗೆ ತೆಗೆದವಳು ನಾನು. ಮೇಲೆ ಅವನ ನೀಲಿ ಅಂಗಿ ಇತ್ತು, ಇಸ್ತ್ರಿ ಮಾಡಿ ಮಡಿಸಿದ್ದು. ನಾನು ಕೈ ಹಾಕಿದ್ದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಅದು ಬೇಡ."

ಕೆಳಗಿನಿಂದ ಚುನಾವಣೆಯಲ್ಲಿ ಪುಕ್ಕಟೆ ಹಂಚಿದ್ದ ಬನಿಯನ್ನು ಎಳೆದು ಕೊಟ್ಟಳು. ಎದೆಯ ಮೇಲೆ ಸೋತ ಅಭ್ಯರ್ಥಿಯ ಮುಖ. ಅಣ್ಣ ಅದನ್ನು ದೋಣಿಗೆ ಟಾರು ಬಳಿಯುವಾಗ ಹಾಕುತ್ತಿದ್ದ. ಚಿಕ್ಕಪ್ಪ ಅದನ್ನೇ ಕಾಯಿಗೆ ತೊಡಿಸಿದರು. ಆ ಮುಖ ಮುದುರಿಕೊಂಡು ನಗುತ್ತಾ ಗುಂಡಿಗೆ ಇಳಿಯಿತು. ಹಿಂದೆ ನಿಂತಿದ್ದ ಮುದುಕನೊಬ್ಬ ಮೆಲ್ಲಗೆ, "ಇವನ ಭಾಷಣಕ್ಕೆ ಇಷ್ಟು ಜನ ಯಾವತ್ತೂ ಸೇರಿರ್ಲಿಲ್ಲ," ಎಂದ. ಕೆಲವರಿಗೆ ನಗು ಬಂತು. ನನಗೂ ಬಂತು. ಆಮೇಲೆ ಅದು ಅಳುವಾಯಿತು. ಅಮ್ಮ ಎರಡನ್ನೂ ಮಾಡಲಿಲ್ಲ.

ಜನ ಹೋದ ಮೇಲೆ ಅವಳು ಮಚ್ಚು ಹಿಡಿದು ಹಿತ್ತಲಿಗೆ ನಡೆದಳು. ನಮ್ಮ ಅಂಗಳದ ಸುತ್ತ ಅಪ್ಪ ನೆಟ್ಟ ಕಳ್ಳಿ ಬೇಲಿ. ಬೇಲಿಯ ನಡುವೆ ಅವಳು ಕಡಿಯತೊಡಗಿದಳು. ಕಡಿದಲ್ಲೆಲ್ಲ ಬಿಳಿ ಹಾಲು ಸುರಿಯಿತು. ನಾನು ಕೊಂಬೆಗಳನ್ನು ಎಳೆದು ಹಾಕಿದೆ. ಒಬ್ಬ ಮನುಷ್ಯ ತೆವಳಿ ಬರುವಷ್ಟು ಸಾಕಿತ್ತು. ಅವಳು ನಡೆದು ಬರುವಷ್ಟು ಮಾಡಿದಳು.

ಕಳ್ಳಿಯ ಹಾಲು ಹಾರಿ ಅವಳ ಕಣ್ಣು ಕೆಂಪಗೆ ಊದಿಕೊಂಡಿತು. ಮಾರನೇ ದಿನ ನೋಡಲು ಬಂದ ಹೆಂಗಸರು, ಪಾಪ, ಈಗಲಾದರೂ ಅತ್ತಳಲ್ಲ ಎಂದು ಸಮಾಧಾನಪಟ್ಟರು.

ವಸೊಂಗ ತಡಮಾಡಲಿಲ್ಲ. ಗೇಟಿನ ಎಡಕ್ಕೆ ಮನೆ ಎದ್ದಿತು. ಡೋರ್ಕಾ ಅದರೊಳಗೇ ಹೆತ್ತಳು. ಹೆಣ್ಣು. ಮಗು ಚೆನ್ನಾಗಿದೆ. ಅಮ್ಮ ಅದನ್ನು ಎತ್ತಿಕೊಳ್ಳುತ್ತಾಳೆ, ಸ್ನಾನ ಮಾಡಿಸುತ್ತಾಳೆ, ಅವಳಿಗೆ ಅದರ ಮೇಲೆ ಸಿಟ್ಟಿಲ್ಲ. ಪಕ್ಕದ ಮನೆಯವಳೊಬ್ಬಳು ಒಳ್ಳೆಯ ಮನಸ್ಸಿನಿಂದಲೇ, "ವಸೊಂಗನ ಅಮ್ಮ," ಎಂದು ಕರೆಯಲು ಶುರುಮಾಡಿದಳು. ಮೊದಲೆಲ್ಲ ಒಗೋಲನ ಅಮ್ಮ ಎನ್ನುತ್ತಿದ್ದಳು. ಹೊಸ ಹೆಸರಿಗೆ ಅಮ್ಮ ತಿರುಗಿ ನೋಡುವುದಿಲ್ಲ. ಕಿವಿ ಮಂದವಾಗಿದೆ ಎಂದುಕೊಂಡಿದ್ದಾರೆ.

ನಾನು ಈಗಲೂ ಮೀನು ಸುತ್ತುತ್ತೇನೆ. ಸುದ್ದಿಯ ಚೂರುಗಳನ್ನು ಸೊಂಟಕ್ಕೆ ಸಿಕ್ಕಿಸಿ ಮನೆಗೆ ತರುತ್ತೇನೆ. ಅಮ್ಮ ಓದು ಎನ್ನುವುದಿಲ್ಲ. ಯಾವನಾದರೂ ಪೇಪರಿನವನು ನಮ್ಮ ಕಡೆ ಬಂದರೆ ನಮ್ಮದನ್ನೂ ಆ ಮೂಲೆಗೆ ಹಾಕಿಯಾನು. ಕಾಯಿಗೆ ಬನಿಯನ್ನು ತೊಡಿಸಿ ಹೂತದ್ದು, ಹೂತ ಮಗನಿಗಾಗಿ ತಾಯಿ ಬೇಲಿ ಕಡಿದದ್ದು. ಊಟದ ಹೊತ್ತಿಗೆ ಓದಿ ಜನ ನಗುತ್ತಾರೆ. ಆಮೇಲೆ ಅದು ಎಲ್ಲೋ ಒಂದು ಅಂಗಡಿಯ ಕಟ್ಟಿಗೆ ಸೇರುತ್ತದೆ.

ಮೊನ್ನೆ ಭಾನುವಾರ ನೆರೆಯವರ ಆಡುಗಳು ಕಂಡಿಯಿಂದ ನುಗ್ಗಿ ಡೋರ್ಕಾ ಬೆಳೆಸಿದ್ದ ಸೊಪ್ಪನ್ನೆಲ್ಲ ತಿಂದವು. ವಸೊಂಗ ಬೈಯುತ್ತಾ ಮುಳ್ಳುಕೊಂಬೆ ಕಡಿದು ತಂದ. ಕಂಡಿಗೆ ಇಡಲು ಬಗ್ಗಿದವನು ಅಲ್ಲೇ ನಿಂತ. ಎಲ್ಲೆಡೆ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಕಂಡಿಯಲ್ಲಿ ಮಾತ್ರ ನೆಲ ಗುಡಿಸಿದ ಹಾಗಿತ್ತು. ದಿನಾ ಓಡಾಡುವ ದಾರಿಯ ಹಾಗೆ. ಹುಲ್ಲನ್ನು ಬೇರುಸಮೇತ ಯಾರೋ ಕೀಳುತ್ತಿದ್ದರು.

"ಮುಚ್ಲಾ ಅಮ್ಮ?" ಎಂದ ವಸೊಂಗ. ಅವನ ದನಿ ಸಣ್ಣದಾಗಿತ್ತು.

ಅಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಸೊಪ್ಪು ಮುಂದ್ಗಡೆ ಹಾಕ್ಕೊಳ್ಳಿ," ಎಂದಳು.

ವಸೊಂಗ ಡೋರ್ಕಾಳ ಮುಖ ನೋಡಿದ. ಡೋರ್ಕಾ ಬಂದು ಅವನ ಕೈಯಿಂದ ಮುಳ್ಳುಕೊಂಬೆ ತೆಗೆದುಕೊಂಡು, ಒಲೆಗೆ ಆಗುತ್ತದೆಂದು ಅಡುಗೆಮನೆಯ ಗೋಡೆಗೆ ಒರಗಿಸಿದಳು. ಆಡುಗಳು ಮತ್ತೆ ಬಂದವು. ನಾನು ಎದ್ದು ಓಡಿಸಿದೆ.