ಕದ್ದವನಿಗೆ ಅವಸರವಿಲ್ಲ

ದಾಖಲೆಗಳು ಕಳುವಾದದ್ದು ನಿಜ, ಆದರೆ ಎಲ್ಲಕ್ಕೂ ಗೂಢಲಿಪಿಯ ಬೀಗವಿದೆ, ಕದ್ದವನು ಓದಲಾರ ಎಂದು ಖಾತ್ರಿಯಾದ ಮೇಲೆ ಇಂದಿರಾನಗರದ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿದರು. ಶೀತಲ್ ತನ್ನ ತುಂಡನ್ನು ಮುಟ್ಟಲಿಲ್ಲ.

ಹೋದದ್ದು ಶಿವಾಜಿನಗರದ ಒಂದು ಎಚ್‌ಐವಿ ಕ್ಲಿನಿಕ್ಕಿನ ದಾಖಲೆ: ಹೆಂಗಸರ ಹೆಸರು, ಅವರ ಮಕ್ಕಳ ರಕ್ತಪರೀಕ್ಷೆ. ಅದನ್ನು ಕಾಯುವುದು ಶೀತಲಳ ಕೆಲಸವಾಗಿತ್ತು.

"ಯಾಕ್ರೀ ಮುಖ ಹಂಗೆ?" ಅಂದರು ಮ್ಯಾನೇಜರ್ ವಾದಿರಾಜ. "ಬೀಗ ಹಾಕಿದ ಪೆಟ್ಟಿಗೆ ಒಯ್ದಿದಾನೆ, ಇಟ್ಕೊಂಡು ಪೂಜೆ ಮಾಡ್ಲಿ. ಅಪಾಯ ಏನೂ ಇಲ್ಲ ಅಂತ ಕ್ಲಿನಿಕ್‌ಗೆ ಒಂದು ಮೇಲ್ ಹಾಕ್ಬಿಡಿ."

"ಇವತ್ತಿಗೆ ಇಲ್ಲ ಸರ್. ಈಗಿನವನ್ನೆಲ್ಲ ಮೀರಿಸೋ ಕ್ವಾಂಟಮ್ ಕಂಪ್ಯೂಟರ್ ಬಲಿತ ದಿನ ನಮ್ಮ ಈ ಬೀಗ ನಿಲ್ಲಲ್ಲ. ಕದ್ದೋನಿಗೆ ಅವಸರ ಇಲ್ಲ. ಕಾಯ್ತಾನೆ."

"ಕಾಯ್ಲಿ ಬಿಡಿ! ಅಷ್ಟೊತ್ತಿಗೆ ನಾನು ರಿಟೈರ್ ಆಗಿ ಮೊಮ್ಮಗನ್ನ ಆಡಿಸ್ತಿರ್ತೀನಿ."

"ಆ ಮಕ್ಕಳು ಕಾಲೇಜಿಗೆ ಹೋಗ್ತಿರ್ತಾರೆ."

ವಾದಿರಾಜರು ದನಿ ತಗ್ಗಿಸಿದರು. "ಮೇಲ್ ಹೋಗ್ಬೇಕು. ಇಲ್ಲಾಂದ್ರೆ ನಾಳೆ ನಿಮ್ಮ ಕುರ್ಚೀಲಿ ನಿಮ್ಮ ಜೂನಿಯರ್ ನಿತೀಶ್ ಕೂತಿರ್ತಾನೆ."

ಅವಳು ಬ್ಯಾಗ್ ಹೆಗಲಿಗೇರಿಸಿ ಆಟೊ ಹತ್ತಿದಳು.

ಕ್ಲಿನಿಕ್ ರಸೆಲ್ ಮಾರುಕಟ್ಟೆಯ ಹಿಂದೆ. ಅಲ್ಲಿ ಹೆಂಗಸರು ಮೊದಲು ಸುಳ್ಳು ಹೆಸರನ್ನೇ ಹೇಳುತ್ತಿದ್ದರು. ಆಪ್ತಸಲಹೆಗಾರ್ತಿ ಜಹನಾರಾ ಅದನ್ನೇ ಬರೆದುಕೊಳ್ಳುತ್ತಿದ್ದಳು. ತಿಂಗಳುಗಟ್ಟಲೆ ಬಂದು ಹೋದ ಮೇಲೆ ಒಂದು ದಿನ, ಕೇಳದೆಯೇ, ನಿಜವಾದ ಹೆಸರು ಬಾಯಿಗೆ ಬರುತ್ತಿತ್ತು. ಕಳುವಾದದ್ದು ಆ ಹೆಸರುಗಳು.

ಶೀತಲ್ ಎಲ್ಲವನ್ನೂ ಹೇಳಿದಳು. ಜಹನಾರಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ವಾಪಸ್ ತರೋಕಾಗಲ್ವಾ?"

"ಇಲ್ಲ ಆಪಾ. ಇನ್ಮೇಲೆ ಬರೆಯೋದಕ್ಕೆ ಕ್ವಾಂಟಮ್‌ಗೂ ಸುಲಭಕ್ಕೆ ಬಗ್ಗದ ಹೊಸ ಬೀಗ ಹಾಕ್ಬಹುದು. ಹೋಗಿರೋದು ಹೋಯ್ತು."

"ನಿಮ್ಮ ಸಾಹೇಬ್ರು ಹೇಳು ಅಂದ್ರಾ?"

"ಅಪಾಯ ಇಲ್ಲ ಅಂತ ಹೇಳು ಅಂದ್ರು."

"ನೌಕರಿ?"

ಶೀತಲ್ ಬ್ಯಾಗನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟಳು.

"ಈ ಹೆಂಗಸರಿಗೆ ಯಾರೂ ಯಾವತ್ತೂ ಮುಂಚೆ ಏನೂ ಹೇಳಿಲ್ಲ ಬೇಟಿ," ಜಹನಾರಾ ದುಪಟ್ಟಾ ಬಿಗಿದುಕೊಂಡು ಎದ್ದಳು. "ತಮಗೆ ಕಾಯಿಲೆ ಇದೆ ಅಂತ ಗಂಡಂದಿರೂ ಹೇಳ್ಲಿಲ್ಲ. ಈ ಸಲ ಹೇಳೋಣ. ಆ ಕಳ್ಳ ಹರಾಮಿ ಬೀಗ ಒಡೆಯೋ ಮುಂಚೆ ಮಕ್ಕಳಿಗೆ ತಾಯಂದಿರೇ ಕಾಯಿಲೆ ವಿಷಯ ಹೇಳ್ಲಿ. ಆಮೇಲೆ ಆ ದಾಖಲೆ ಯಾರಿಗೆ ತೋರಿಸಿ ಹೆದರಿಸ್ತಾನೆ, ನೋಡೇಬಿಡೋಣ."

ಫೋನ್ ಬಂತು. ವಾದಿರಾಜರು. "ಮೇಲ್ ಹೋಯ್ತೇನ್ರೀ?"

"ಇಲ್ಲ ಸರ್. ಅಪಾಯ ಇದೆ ಅಂತ ಹೇಳೋಕೆ ನಾನೇ ಬಂದಿದೀನಿ."

ಅವಳು ಫೋನ್ ಬ್ಯಾಗಿಗೆ ಹಾಕಿ ಜಹನಾರಾಳ ಹಿಂದೆ ಹೊರಟಳು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸರು ಸರಿದು ಜಾಗ ಕೊಟ್ಟರು.