ಯಮ್ಮಾನ ಹೆಸರು ತೆಗೆದ ಲೇಖನ

ಜುಲೇಖಾಳ ಲೇಖನ ಕಳಿಸಿದ ಮೂರನೇ ದಿನಕ್ಕೇ ವಾಪಸ್ಸು ಬಂತು. ಬರೆಯಲು ಎಂಟು ತಿಂಗಳು ಹಿಡಿದಿತ್ತು, ಮರಳಲು ಮೂರು ದಿನ ಸಾಕಾಯಿತು.

ಮರಳುಗಾಡಿನ ಅಂಚಿನ ಬಿಸ್ಕ್ರಾ ಊರಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡು ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಅವಳು. ಪ್ರಬಂಧವೇನೋ ಬರೆದು ಮುಗಿದಿತ್ತು. ಆದರೆ ಇಂಗ್ಲಿಷ್ ಅಧ್ಯಯನದ ಒಳ್ಳೆಯ ಪತ್ರಿಕೆಯೊಂದು ಅವಳ ಲೇಖನ ಒಪ್ಪದ ಹೊರತು ವಿಶ್ವವಿದ್ಯಾಲಯದವರು ಕೊನೆಯ ಮೌಖಿಕ ಪರೀಕ್ಷೆಗೆ, ವೈವಾಕ್ಕೆ, ಕೂರಿಸುತ್ತಿರಲಿಲ್ಲ. ಇದೇ ಕೊನೆಯ ವರ್ಷ. ಜೂನ್ ಒಳಗೆ ಒಪ್ಪಿಗೆ ಪತ್ರ ಬಾರದಿದ್ದರೆ ಆರು ವರ್ಷದ ಕಷ್ಟ ನೀರಿನಲ್ಲಿ ಹೋಮ.

"ಯಮ್ಮಾ, ವಾಪಸ್ ಕಳಿಸಿಬಿಟ್ರು," ಎಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ತಾಯಿ ಮಸೂದಾ ಹಿಟ್ಟಿನ ಕೈ ಎತ್ತಿದಳು. "ಓದಿ ಕಳಿಸಿದ್ರಾ, ಓದ್ದೇ ಕಳಿಸಿದ್ರಾ?"

"ಓದೇ ಇಲ್ಲ. ‘ಲೇಖನದೊಳಗೆ ಹೆಸರುಗಳಿವೆ, ತೆಗೆದು ಕಳಿಸಿ’ ಅಂತ ಒಂದೇ ಸಾಲು."

"ಯಾರ ಹೆಸರು?"

ಜುಲೇಖಾ ತಲೆ ತಗ್ಗಿಸಿದಳು. ಆ ಊರಿನಲ್ಲಿ ಯಾವ ಪ್ರಬಂಧವೂ ಅರ್ಪಣೆಯ ಪುಟವಿಲ್ಲದೆ ಶುರುವಾಗುವುದಿಲ್ಲ. ಕೆಲವರ ಅರ್ಪಣೆ ಮೊದಲ ಅಧ್ಯಾಯಕ್ಕಿಂತ ಉದ್ದ! ಜುಲೇಖಾ ಅದೇ ರೂಢಿಯಂತೆ ಲೇಖನಕ್ಕೂ ಒಂದು ಪುಟ ಬರೆದಿದ್ದಳು. ತೀರಿಹೋದ ಅಪ್ಪನಿಗೆ, ಗೈಡಿಗೆ, ಅಕ್ಕಂದಿರಿಗೆ, ಎಲ್ಲರಿಗಿಂತ ಮೊದಲು ಯಮ್ಮಾ ಮಸೂದಾಳಿಗೆ.

"ನನ್ನ ಹೆಸರು ಕಂಡ್ರೆ ಅವ್ರಿಗೇನು ಹೊಟ್ಟೆಯುರಿ?" ಮಸೂದಾಳ ಮುಖ ಕೆಂಪಾಯಿತು. "ಪರಿಚಯ ಇಲ್ಲ, ಅದಕ್ಕೇ ಹೀಗೆ. ನಾಳೆ ಆ ಸಂಪಾದಕರ ಮನೆಗೆ ಒಂದು ಪೆಟ್ಟಿಗೆ ಒಳ್ಳೆ ಖರ್ಜೂರ ಕಳಿಸೋಣ. ಆಮೇಲೆ ನೋಡು, ಹೇಗೆ ಓದ್ತಾರೆ ಅಂತ."

"ಅದೆಲ್ಲ ಬೇಡ ಯಮ್ಮಾ. ಇನ್ನೂ ಎರಡು ಪತ್ರಿಕೆಗೆ ಒಟ್ಟಿಗೇ ಕಳಿಸ್ತೀನಿ. ಎಲ್ಲಾದ್ರೂ ಒಂದು ಕಡೆ ಆಗುತ್ತೆ."

ಅಷ್ಟರಲ್ಲಿ ಪಕ್ಕದ ಮನೆಯ ಝಾಹಿಯಾ ಒಂದು ತಟ್ಟೆ ಬಿಸಿ ಬ್ರಾಜ್ ಹಿಡಿದು ಒಳಗೆ ಬಂದಳು. ರವೆಯ ನಡುವೆ ಖರ್ಜೂರ ಇಟ್ಟು ಸುಟ್ಟ ಆ ಬಿಲ್ಲೆಗಳ ವಾಸನೆ ಅವಳಿಗಿಂತ ಮೊದಲೇ ಬಂದಿತ್ತು. ಝಾಹಿಯಾ ಉತ್ತರದ ಊರೊಂದರಲ್ಲಿ ಇಂಥದೇ ಪತ್ರಿಕೆಯ ಕಚೇರಿಯಲ್ಲಿ ಹನ್ನೆರಡು ವರ್ಷ ಪತ್ರವ್ಯವಹಾರ ನೋಡಿಕೊಂಡು ನಿವೃತ್ತಳಾದವಳು.

"ಖಾಲ್ತಿ, ನೀವೇ ಹೇಳಿ," ಎಂದು ಜುಲೇಖಾ ಚಿಕ್ಕಮ್ಮನನ್ನು ಕರೆಯುವಂತೆಯೇ ಕರೆದು ಫೋನು ಅವಳ ಕೈಗಿಟ್ಟಳು.

ಝಾಹಿಯಾ ಓದಿ ನಕ್ಕಳು. "ಹುಚ್ಚು ಹುಡುಗಿ, ಇದು ಬೇಡ ಅಂದಿದ್ದಲ್ಲ. ಹೆಸರು ತೆಗಿ, ಓದಿಸ್ತೀವಿ ಅಂದಿದಾರೆ. ಮತ್ತೆ ಅದೇನು, ಮೂರು ಪತ್ರಿಕೆಗೆ ಒಟ್ಟಿಗೇ ಕಳಿಸೋದು? ಒಂದೇ ಹೆಣ್ಣಿಗೆ ಮೂರು ಮನೆಯವರ ಹತ್ರ ಮಾತು ಕೊಡ್ತಾರಾ? ಮೂವರೂ ಒಪ್ಪಿದ್ರೆ ಏನ್ ಮಾಡ್ತೀಯ? ಮಾನ ಹೋಗುತ್ತೆ ಅಷ್ಟೆ."

"ಅದು ಸರಿ," ಮಸೂದಾ ಪಟ್ಟು ಬಿಡಲಿಲ್ಲ. "ತಾಯಿ ಹೆಸರು ಯಾಕೆ ತೆಗೀಬೇಕು? ಬರೆದವಳು ಯಾರು, ಯಾರ ಮಗಳು ಅಂತ ಗೊತ್ತಿಲ್ದೆ ಯಾರು ತಾನೆ ಓದ್ತಾರೆ?"

"ಮಸೂದಾ, ನೀನು ಖರ್ಜೂರದ ಶೆಡ್ಡಿನಲ್ಲಿ ಹಣ್ಣು ಆರಿಸೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು?"

"ಇಪ್ಪತ್ತೆರಡು."

"ಪೆಟ್ಟಿಗೆ ಮೇಲೆ ತೋಟದವರ ಹೆಸರು ಇರುತ್ತಾ?"

"ಎಲ್ಲಿ ಇರುತ್ತೆ? ಬರೀ ನಂಬರ್ ಚೀಟಿ. ಹೆಸರಿದ್ರೆ ಒಬ್ಬಳು ಅಳಿಯನ ಹಣ್ಣು ಮೇಲಿನ ದರ್ಜೆಗೆ ಹಾಕ್ತಾಳೆ, ಇನ್ನೊಬ್ಬಳು ಸವತಿ ಹಣ್ಣು ಕೆಳಗಿನ ದರ್ಜೆಗೆ ಹಾಕ್ತಾಳೆ."

"ನಿಮ್ಮಣ್ಣ ಲಖ್ದರ್ ಎರಡು ಈದ್‌ಗೆ ಈ ಮನೆ ಹೊಸಿಲು ತುಳೀಲಿಲ್ಲ. ಯಾಕೆ?"

ಮಸೂದಾಳಿಗೆ ನಗು ತಡೆಯಲಾಗಲಿಲ್ಲ. "ಅವನ ಪೆಟ್ಟಿಗೆ ಅಂತ ಗೊತ್ತಿಲ್ದೆ ಎರಡನೇ ದರ್ಜೆಗೆ ಹಾಕಿಬಿಟ್ಟಿದ್ದೆ. ಹಣ್ಣು ಒಣಗಿತ್ತು, ನಾನೇನ್ ಮಾಡ್ಲಿ?"

"ಪತ್ರಿಕೆಯಲ್ಲೂ ಅಷ್ಟೇ. ಇಬ್ಬರು ತಿಳಿದವರಿಗೆ ಓದೋಕೆ ಕೊಡ್ತಾರೆ. ಬರೆದವರು ಯಾರು ಅಂತ ಅವ್ರಿಗೆ ಗೊತ್ತಾಗಬಾರದು, ಓದಿದವರು ಯಾರು ಅಂತ ಇವಳಿಗೂ ಗೊತ್ತಾಗಬಾರದು. ರಾಜಧಾನಿಯ ದೊಡ್ಡ ಪ್ರೊಫೆಸರ್ರೂ ನಿನ್ನ ಮಗಳೂ ಅಲ್ಲಿ ಒಂದೇ. ನೀನು ಖರ್ಜೂರ ಕಳಿಸಿದ್ರೆ ಇವಳ ಕೆಲಸ ಕೆಟ್ಟಂಗೇ."

ಮಸೂದಾ ನ್ಯಾಯ ಒಪ್ಪಿದ್ದಳು, ಆದರೆ ಮನಸ್ಸು ನೊಂದಿತ್ತು. ಮಗಳು ಅರ್ಪಣೆಯ ಪುಟ ಅಳಿಸುವಾಗ ಪಕ್ಕದಲ್ಲೇ ಕೂತು ನೋಡಿದಳು. ಅವಳಿಗೆ ಓದಲು ಬರುತ್ತಿದ್ದ ಒಂದೇ ಇಂಗ್ಲಿಷ್ ಪದ ತನ್ನ ಹೆಸರು. ಅದು ಪರದೆಯಿಂದ ಹೋದಾಗ ಎದ್ದು ಬ್ರಾಜ್ ಬಿಸಿ ಮಾಡಲು ಹೋದಳು. ಝಾಹಿಯಾ ಫೈಲಿನ ವಿವರದಲ್ಲಿ ಅಡಗಿದ್ದ ಜುಲೇಖಾಳ ಹೆಸರನ್ನೂ ತೆಗೆಸಿದಳು. ಪತ್ರಿಕೆಯ ನಿಯಮಗಳ ಪುಟ ತೆರೆಸಿ, ಕೊನೆಯ ಪುಸ್ತಕಪಟ್ಟಿಯನ್ನು ಅವರು ಹೇಳಿದಂತೆಯೇ ಮತ್ತೆ ಬರೆಸಿದಳು. "ನಿಯಮದ ಪುಟ ಓದೋಕೆ ಅರ್ಧ ಗಂಟೆ ಸಾಕು. ಓದ್ದೇ ಕಳಿಸಿದ್ರೆ ಕೆಲವರು ಮೂರು ತಿಂಗಳು ಕಾಯಿಸಿ ವಾಪಸ್ ಕಳಿಸ್ತಾರೆ," ಎಂದು ಕಿವಿ ಹಿಂಡಿದಳು.

ಅದೇ ಪತ್ರಿಕೆಗೆ ಮತ್ತೆ ಕಳಿಸಿದ ಲೇಖನಕ್ಕೆ ಫೆಬ್ರವರಿಯಲ್ಲಿ ಉತ್ತರ ಬಂತು. ಇಬ್ಬರು ಓದಿದ್ದರು. ಮೊದಲನೆಯವರು ನಾಲ್ಕು ಪುಟ ತಪ್ಪು ಪಟ್ಟಿ ಮಾಡಿದ್ದರು. ಎರಡೇ ಪುಟ ನೋಡಿ ಜುಲೇಖಾ ಕಂಪ್ಯೂಟರ್ ಮುಚ್ಚಿಬಿಟ್ಟಳು. ಎರಡು ದಿನ ಊಟವೂ ಸರಿಯಾಗಿ ಮಾಡಲಿಲ್ಲ. "ಮುಗೀತು ಯಮ್ಮಾ, ನನ್ನ ಕೈಲಿ ಆಗಲ್ಲ," ಎಂದು ಮಲಗಿದ ಮಗಳನ್ನು ನೋಡಲಾರದೆ ಮಸೂದಾ ಗೋಡೆಯಾಚೆ ಕೂಗಿದಳು.

ಝಾಹಿಯಾ ಬಂದು ಕನ್ನಡಕ ಏರಿಸಿದಳು. "‘ತಿದ್ದಿ ಮತ್ತೆ ಕಳಿಸಿ’ ಅಂತಿದೆಯಲ್ಲೇ! ಬೇಡ ಅನ್ನೋರು ಒಂದು ಸಾಲಿನಲ್ಲಿ ಮುಗಿಸ್ತಾರೆ. ನಾಲ್ಕು ಪುಟ ಬರೆಯೋರಿಗೆ ನಿನ್ನ ಲೇಖನದ ಮೇಲೆ ಪ್ರೀತಿ ಇದೆ ಅಂತ ಅರ್ಥ. ಎರಡನೇ ಓದುಗರದ್ದು ನೋಡ್ದೆಯಾ?"

"ಇಲ್ಲ."

ಝಾಹಿಯಾ ಅದನ್ನು ಎಲ್ಲರಿಗೂ ತಿಳಿಯುವಂತೆ ಅರಬ್ಬಿಯಲ್ಲಿ ಹೇಳತೊಡಗಿದಳು. ಇಂಗ್ಲಿಷ್ ಕಾದಂಬರಿಗಳಲ್ಲಿ ಮಳೆ ಬಂದರೆ ದುಃಖ ಬಂತು ಎಂದೇ ಲೆಕ್ಕ. ಮಳೆಯೇ ಅಪರೂಪವಾದ ಬಿಸ್ಕ್ರಾದ ವಿದ್ಯಾರ್ಥಿಗಳು ಅದೇ ಪುಟ ಓದಿ ಯಾಕೆ ಖುಷಿಪಡುತ್ತಾರೆ ಎಂಬುದೇ ಜುಲೇಖಾಳ ಲೇಖನ. ಹದಿನೇಳನೇ ಅಡಿಟಿಪ್ಪಣಿಯಲ್ಲಿ, ಖರ್ಜೂರದ ಶೆಡ್ಡಿನ ಕೆಲಸಗಾರ್ತಿಯೊಬ್ಬಳ ಮಾತು ಎಂದು ಅವಳು ಒಂದು ಸಾಲು ಸೇರಿಸಿದ್ದಳು: ‘ಮಳೆ ಬಂದರೆ ನಾವು ಕೊಡೆ ಹುಡುಕುವುದಿಲ್ಲ, ಪಾತ್ರೆ ಹುಡುಕುತ್ತೇವೆ.’

"ಇವರು ಏನ್ ಬರೆದಿದಾರೆ ಕೇಳು ಮಸೂದಾ. ‘ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತು. ಇದು ಅಡಿಟಿಪ್ಪಣಿಯಲ್ಲಿ ಇರಬಾರದು, ಲೇಖನದ ಮೊದಲ ಸಾಲಾಗಬೇಕು. ಈ ಹೆಂಗಸಿನ ಜತೆ ಇನ್ನಷ್ಟು ಮಾತಾಡಿ ಬರೆಯಿರಿ.’"

ಮಸೂದಾ ಮೆಲ್ಲಗೆ ಕೇಳಿದಳು. "ಅದು ನಾನು ಅಂತ ಅವ್ರಿಗೆ ಗೊತ್ತಿಲ್ದೆ?"

"ಗೊತ್ತಿಲ್ದೆ."

"ಖರ್ಜೂರ ತಿನ್ನದೆ?"

"ಒಂದು ಬೀಜಾನೂ ಚೀಪದೆ!"

ಮಸೂದಾ ಎದ್ದು ಮಗಳ ಹೊದಿಕೆ ಕಿತ್ತು ಬಿಸಾಡಿದಳು. "ಏಳೇ. ಎರಡನೇ ದರ್ಜೆ ಹಣ್ಣನ್ನ ಯಾರೂ ತಿಪ್ಪೆಗೆ ಹಾಕಲ್ಲ, ಮತ್ತೆ ಆರಿಸ್ತಾರೆ. ಏನ್ ಕೇಳ್ಬೇಕೋ ಕೇಳು, ನಾನು ಮಾತಾಡ್ತೀನಿ."

ಒಂದೊಂದು ಆಕ್ಷೇಪಕ್ಕೂ ಒಂದೊಂದು ಉತ್ತರ ಬರೆದು, ಒಪ್ಪದ ಎರಡು ಕಡೆ ಯಾಕೆ ಒಪ್ಪುವುದಿಲ್ಲ ಎಂದು ವಿನಯದಿಂದ ತಿಳಿಸಿ, ಜುಲೇಖಾ ಲೇಖನವನ್ನು ಮತ್ತೆ ಕಳಿಸಿದಳು. ಮೇ ತಿಂಗಳಲ್ಲಿ ಒಪ್ಪಿಗೆ ಪತ್ರ ಬಂತು. ‘ಕೃತಜ್ಞತೆ ಹೇಳುವುದಿದ್ದರೆ ಈಗ ಕೊನೆಯಲ್ಲಿ ಸೇರಿಸಬಹುದು’ ಎಂದೂ ಅದರಲ್ಲಿತ್ತು. ಜೂನಿನಲ್ಲಿ ವೈವಾ ಆಯಿತು. ಮೊದಲ ಸಾಲಿನಲ್ಲಿ ಮಸೂದಾ ಹೊಸ ಶಾಲು ಹೊದ್ದು ಕೂತಿದ್ದಳು, ಪಕ್ಕದಲ್ಲಿ ಅಣ್ಣ ಲಖ್ದರ್.

ಅಚ್ಚಾದ ಲೇಖನ ಕೈಗೆ ಬಂದಾಗ ಅವಳು ಕೊನೆಯ ಪುಟದಲ್ಲಿ ತನ್ನ ಹೆಸರು ಹುಡುಕಿ ಅದರ ಮೇಲೆ ಬೆರಳಿಟ್ಟಳು.

"ಕಡೇಲಿ ಹಾಕಿದೀಯಲ್ಲೇ ನನ್ನ!"

"ಮೊದಲನೇ ಸಾಲೂ ನಿಂದೇ ಯಮ್ಮಾ," ಎಂದಳು ಜುಲೇಖಾ.

ಲೇಖನ ಬರೆದು ಪೆಟ್ಟಿಗೆಯಲ್ಲಿಟ್ಟುಕೊಂಡು ಹೆದರಿ ಕೂತಿರುವ ತಂಗಿಯರೇ, ತಮ್ಮಂದಿರೇ, ನಿಮಗೂ ಇದೇ ಮಾತು. ಕಳಿಸುವ ಮೊದಲು ಆ ಪತ್ರಿಕೆಯ ನಿಯಮಗಳನ್ನು ಓದಿ. ಹೆಸರು ಮುಚ್ಚಿ ಓದಿಸುವ ಪತ್ರಿಕೆಯಾದರೆ ನಿಮ್ಮ ಹೆಸರು, ನಿಮ್ಮವರ ಹೆಸರು ತೆಗೆಯಿರಿ. ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಿ. ತಿದ್ದಿ ಕಳಿಸಿ ಎಂದರೆ ಅಳುತ್ತ ಕೂರಬೇಡಿ, ತಿದ್ದಿ ಕಳಿಸಿ. ಅಮ್ಮನ ಹೆಸರಿಗೆ ಕೊನೆಯ ಪುಟದಲ್ಲಿ ಜಾಗ ಇದ್ದೇ ಇರುತ್ತದೆ. ಅವಳ ಮಾತನ್ನು ಮಾತ್ರ ಅಡಿಟಿಪ್ಪಣಿಯಲ್ಲಿ ಬಚ್ಚಿಡಬೇಡಿ.